ಚಿನ್ನದ ಗಣಿ ಯೋಜನೆಗೆ ಬೇಸ್‌ಲೈನ್ ಸಮೀಕ್ಷೆ: ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಲ್ಲಿ ಪಾದರಸದ ಬಳಕೆ ತಗ್ಗಿಸುವ, ಎಲ್ಲರಿಗೂ ಪಾಲು ಸಿಗುವಂಥ ಯೋಜನೆಯೊಂದನ್ನು ಶುರು ಮಾಡುತ್ತಿದ್ದೇವೆ. ಬೇಸ್‌ಲೈನ್ ಸಮೀಕ್ಷೆಯ, ಅಂದರೆ ಕೆಲಸ ಶುರುವಾಗುವ ಮುಂಚಿನ ಸ್ಥಿತಿಯನ್ನು ಅಳೆದಿಡುವ ಸಮೀಕ್ಷೆಯ, ಪ್ರಶ್ನಾವಳಿ ಬರೆಯಲು ಕೂತರೆ ಅದು ಬೆಳೆಯುತ್ತಲೇ ಇದೆ. ಯಾವುದನ್ನು ಉಳಿಸಿಕೊಳ್ಳಬೇಕು?

ಉತ್ತರ: ಪ್ರಶ್ನಾವಳಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯೋಜನೆ ಮುಗಿದ ದಿನ ನೀವು ಏನು ಹೇಳಿಕೊಳ್ಳಬೇಕು ಅಂತಿದ್ದೀರಿ, ಅದನ್ನು ಮೊದಲು ನಾಲ್ಕೈದು ಸಾಲಿನಲ್ಲಿ ಬರೆಯಿರಿ. ‘ಪಾದರಸ ಕಡಿಮೆಯಾಯಿತು’, ‘ಹೆಂಗಸರ ಗಳಿಕೆ ಹೆಚ್ಚಾಯಿತು’ ಅಂತ ಹೀಗೆ. ಈ ಸಾಲುಗಳಲ್ಲಿ ಯಾವುದಕ್ಕೂ ಬೇಕಾಗದ ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ. ಅರ್ಧ ಪ್ರಶ್ನಾವಳಿ ಇಲ್ಲೇ ಕರಗುತ್ತದೆ.

ಇನ್ನು ಪಾದರಸ. ‘ತಿಂಗಳಿಗೆ ಎಷ್ಟು ಪಾದರಸ ಬಳಸುತ್ತೀರಿ?’ ಅಂತ ಕೇಳಿ ಬರೆದುಕೊಂಡ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಎಷ್ಟೋ ಕಡೆ ಅದು ಕದ್ದುಮುಚ್ಚಿ ಕೊಳ್ಳುವ ಸರಕು. ನಿಜ ಹೇಳಬೇಕು ಅನ್ನಿಸಿದವರಿಗೂ ಲೆಕ್ಕ ಗೊತ್ತಿರುವುದಿಲ್ಲ. ಅದಿರಿಗೆ ಬೆರೆಸಿದ ಪಾದರಸ ಚಿನ್ನದ ಜೊತೆ ಅಂಟಿ ಉಂಡೆಯಾಗುತ್ತದೆ, ಅದನ್ನು ಸುಟ್ಟರೆ ಚಿನ್ನ ಉಳಿಯುತ್ತದೆ. ಆ ಕೆಲಸ ನಡೆಯುವಲ್ಲಿಗೆ ತಕ್ಕಡಿ ತೆಗೆದುಕೊಂಡು ಹೋಗಿ. ಹಾಕುವ ಮೊದಲು ಪಾದರಸವನ್ನು ತೂಗಿ. ಬಟ್ಟೆಯಲ್ಲಿ ಹಿಂಡಿದ ಮೇಲೆ ವಾಪಸ್ ಸಿಕ್ಕಿದ್ದನ್ನು ತೂಗಿ. ಉಳಿದ ಉಂಡೆಯನ್ನು ಸುಡುವ ಮೊದಲು ಒಮ್ಮೆ, ಸುಟ್ಟ ಮೇಲೆ ಇನ್ನೊಮ್ಮೆ ತೂಗಿ. ಆ ಉಂಡೆಯಲ್ಲಿ ಸುಮಾರು ಅರ್ಧ ಚಿನ್ನ, ಅರ್ಧ ಪಾದರಸ ಇರುತ್ತದೆ. ಸುಟ್ಟಾಗ ಇಳಿದ ತೂಕವೇ ಗಾಳಿಗೆ ಹೋದ ಪಾದರಸ. ಹಾಕಿದ್ದರಲ್ಲಿ ವಾಪಸ್ ಸಿಕ್ಕಿದ್ದನ್ನೂ ಗಾಳಿಗೆ ಹೋದದ್ದನ್ನೂ ಕಳೆದರೆ ಉಳಿಯುವುದು ಮರಳು, ನೀರಿನಲ್ಲಿದೆ.

ಅದಿರನ್ನು ತೊಳೆದು ಸಾರ ಮಾತ್ರ ಉಳಿಸಿಕೊಂಡು ಪಾದರಸ ಬೆರೆಸುವವರು 1 ಗ್ರಾಂ ಚಿನ್ನಕ್ಕೆ ಹೆಚ್ಚುಕಡಿಮೆ 1 ಗ್ರಾಂ ಪಾದರಸ ಕಳೆದುಕೊಳ್ಳುತ್ತಾರೆ. ಇಡೀ ಅದಿರಿಗೇ ಬೆರೆಸಿದರೆ ಅದು 3 ಗ್ರಾಂ ದಾಟುತ್ತದೆ, ಕೆಲವೆಡೆ ಅದರ ಹಲವು ಪಟ್ಟು. ಹಾಗಾಗಿ ಎರಡೂ ಬಗೆಯವರನ್ನು ಸೇರಿಸಿ ಒಂದೇ ಸರಾಸರಿ ತೆಗೆದರೆ ಅದರಿಂದ ಏನೂ ತಿಳಿಯುವುದಿಲ್ಲ.

2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ, ಪಾದರಸ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂಥ ಗಣಿಗಾರಿಕೆ ಗಣನೀಯವಾಗಿರುವ ದೇಶಗಳು ರಾಷ್ಟ್ರೀಯ ಕ್ರಿಯಾ ಯೋಜನೆ ಮಾಡಬೇಕು, ಅದರಲ್ಲಿ ಪಾದರಸದ ಆರಂಭಿಕ ಅಂದಾಜು ಇರಬೇಕು ಅನ್ನುತ್ತದೆ ಅದು. ನಿಲ್ಲಿಸಬೇಕಾದ ನಾಲ್ಕು ಕೆಟ್ಟ ಪದ್ಧತಿಗಳನ್ನೂ ಹೆಸರಿಸಿದೆ: ಇಡೀ ಅದಿರಿಗೆ ಪಾದರಸ ಬೆರೆಸುವುದು, ಉಂಡೆಯನ್ನು ಬಯಲಲ್ಲಿ ಸುಡುವುದು, ಜನವಸತಿಯಲ್ಲಿ ಸುಡುವುದು, ಪಾದರಸ ಬೆರೆತು ಉಳಿದ ಮರಳಿನಿಂದ ಅದನ್ನು ತೆಗೆಯದೆಯೇ, ಇನ್ನಷ್ಟು ಚಿನ್ನಕ್ಕಾಗಿ ಸೈನೈಡ್ ಹಾಕುವುದು. ಇವು ಎಲ್ಲೆಲ್ಲಿ ನಡೆಯುತ್ತಿವೆ ಅಂತ ಎಣಿಸಿದರೂ ಒಳ್ಳೆಯ ಬೇಸ್‌ಲೈನ್ ಆಗುತ್ತದೆ. ದೇಶದ ಲೆಕ್ಕದ ಜೊತೆ ಹೋಲಿಸಿ ನೋಡಲೂಬಹುದು.

‘ಎಲ್ಲರಿಗೂ ಪಾಲು’ ಅನ್ನುವ ಮಾತು ಎಡವುವುದು ಪಟ್ಟಿಯಲ್ಲಿ. ಸಹಕಾರ ಸಂಘದ ಸದಸ್ಯರ ಪಟ್ಟಿಯಿಂದ ಜನರನ್ನು ಆರಿಸಿದರೆ ಗುಂಡಿಯ ಮಾಲೀಕರು, ಸುರಂಗಕ್ಕೆ ಇಳಿಯುವ ಗಂಡಸರು ಸಿಗುತ್ತಾರೆ. ಪೆರುವಿನಲ್ಲಿ ಬಿಸಾಡಿದ ಕಲ್ಲಿನ ರಾಶಿಯಲ್ಲಿ ಅದಿರು ಆರಿಸುವ ಹೆಂಗಸರಿದ್ದಾರೆ, ಪಲ್ಯಾಕೇರಾ ಅನ್ನುತ್ತಾರೆ ಅವರನ್ನು. ಇಂಥವರು ಪಟ್ಟಿಯಲ್ಲಿರುವುದೇ ಅಪರೂಪ. ಜಗತ್ತಿನಲ್ಲಿ ಈ ಕೆಲಸದಲ್ಲಿರುವ 1ರಿಂದ 2 ಕೋಟಿ ಜನರಲ್ಲಿ 40ರಿಂದ 50 ಲಕ್ಷ ಹೆಂಗಸರು, ಮಕ್ಕಳು ಅಂತ ವಿಶ್ವಸಂಸ್ಥೆಯ ಅಂದಾಜಿದೆ. ಆದ್ದರಿಂದ ಪಟ್ಟಿ ಬಿಟ್ಟು ಅದಿರಿನ ಹಿಂದೆ ನಡೆಯಿರಿ. ಅಗೆಯುವವರು, ಹೊರುವವರು, ಕುಟ್ಟುವವರು, ತೊಳೆಯುವವರು, ಸುಡುವವರು, ಕೊಳ್ಳುವವರು, ಮುಂಗಡ ಸಾಲ ಕೊಡುವವರು. ಪ್ರತಿ ಹಂತದಲ್ಲೂ ಕೆಲವರನ್ನು ಮಾತಾಡಿಸಿ. ಹೆಂಗಸರನ್ನು ಹೆಂಗಸರೇ ಹೋಗಿ ಪ್ರತ್ಯೇಕವಾಗಿ ಕೇಳಲಿ. ಎಷ್ಟು ದುಡಿದೆ ಅನ್ನುವುದಷ್ಟೇ ಅಲ್ಲ, ಆ ದುಡ್ಡು ಯಾರ ಕೈಯಲ್ಲಿರುತ್ತದೆ ಅನ್ನುವುದನ್ನೂ ಕೇಳಲಿ. ಉಂಡೆಯನ್ನು ಅಡುಗೆಮನೆಯ ಒಲೆಯಲ್ಲೇ ಸುಡುವ ಮನೆಗಳಿವೆ. ಅಲ್ಲಿ ಹೊಗೆ ಕುಡಿಯುವವರು ಗಣಿ ಮುಖವನ್ನೇ ನೋಡಿರದ ಮಕ್ಕಳು.

ಕಾಲ ನೋಡಿ ಹೋಗಿ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬುತ್ತದೆ, ಜನ ಹೊಲಕ್ಕೆ ಮರಳುತ್ತಾರೆ. ಮೊದಲ ಸಮೀಕ್ಷೆ ಬೇಸಿಗೆಯಲ್ಲಿ, ಕೊನೆಯದು ಮಳೆಯಲ್ಲಿ ಆದರೆ ನೀವು ಅಳೆದದ್ದು ಮಳೆಯನ್ನು, ಅಲ್ವಾ? ಚಿನ್ನದ ಬೆಲೆಯೂ ಹಾಗೇ. ಅದು ಏರಿದರೆ ಯೋಜನೆ ಇಲ್ಲದಿದ್ದರೂ ಆದಾಯ ಏರುತ್ತದೆ. ಅದಕ್ಕೇ ಯೋಜನೆ ಮುಟ್ಟದ, ಆದರೆ ಅಂಥದ್ದೇ ಇನ್ನೊಂದು ಗಣಿ ಪ್ರದೇಶವನ್ನೂ ಈಗಲೇ ಅಳೆದಿಡಬೇಕು.

ಹೊಳೆಯಲ್ಲಿ ನೀರಿಗಿಂತ ತಳದ ಕೆಸರು ಜಾಸ್ತಿ ಹೇಳುತ್ತದೆ. ಗಣಿಯ ಮೇಲ್ಭಾಗ, ಕೆಳಭಾಗ ಎರಡರಿಂದಲೂ ತೆಗೆಯಿರಿ.

ದೇಹದ ಪರೀಕ್ಷೆಯಲ್ಲಿ ಗೊಂದಲ ಬೇಡ. ಉಸಿರಾಡಿದ ಪಾದರಸದ ಆವಿ ತಿಳಿಯುವುದು ಮೂತ್ರದಲ್ಲಿ, ಮೀನು ತಿಂದು ಒಳಸೇರಿದ್ದು ತಿಳಿಯುವುದು ಕೂದಲಲ್ಲಿ. ಯಾವುದೇ ಆಗಲಿ, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ಫಲಿತಾಂಶವನ್ನು ಆ ವ್ಯಕ್ತಿಗೇ ಹೇಳಿ ವೈದ್ಯರ ಹತ್ತಿರ ಕಳಿಸುವ ವ್ಯವಸ್ಥೆ ಇಲ್ಲದಿದ್ದರೆ ಮಾದರಿ ತೆಗೆದುಕೊಳ್ಳಲೇಬೇಡಿ.

ಪರವಾನಗಿ ಇಲ್ಲದ ಗುಂಡಿಗಳ ಜಾಗ, ಅಲ್ಲಿ ಕೆಲಸ ಮಾಡುವವರ ಹೆಸರು ನಿಮ್ಮ ಹಾಳೆಯಲ್ಲಿ ಒಟ್ಟಿಗೇ ಇದ್ದರೆ ನಾಳೆ ಅದು ದಾಳಿಗೆ ದಾರಿ ತೋರಿಸಬಹುದು. ಹೆಸರಿನ ಬದಲು ಸಂಕೇತ ಬಳಸಿ. ಆ ಸಂಕೇತದ ಪಟ್ಟಿ ಯಾರ ಬಳಿ ಇರುತ್ತದೆ, ಯಾವಾಗ ನಾಶ ಮಾಡುತ್ತೀರಿ ಅನ್ನುವುದನ್ನು ಮೊದಲ ಮನೆಗೆ ಹೋಗುವ ಮುಂಚೆಯೇ ತೀರ್ಮಾನಿಸಿ.