ಪೌರತ್ವ: ಯಾವ ತಾರೀಕಿಗೆ ಯಾರು ಎಲ್ಲಿದ್ದರು?

ಕಾಸರಗೋಡಿನಲ್ಲಿ ಕನ್ನಡದಲ್ಲೇ ಪಿಎಸ್‌ಸಿಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಪೌರತ್ವದ ಪಾಠದಲ್ಲಿ ತಾರೀಕುಗಳು ಜಾಸ್ತಿ. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಎಲ್ಲ ಕಲಸಿಹೋಗುತ್ತವೆ. ಆ ತಾರೀಕಿಗೆ ಯಾರ ಬದುಕು ಸಿಕ್ಕಿಹಾಕಿಕೊಂಡಿತ್ತು ಅಂತ ನೋಡಿ, ಆಮೇಲೆ ಮರೆಯುವುದಿಲ್ಲ.

ಸಂವಿಧಾನದಲ್ಲಿ ಪೌರತ್ವ ಬರುವುದು 5ರಿಂದ 11ನೇ ವಿಧಿಗಳಲ್ಲಿ. ಇವುಗಳಲ್ಲಿ 5ರಿಂದ 9ರವರೆಗಿನವು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಗಣರಾಜ್ಯ ಶುರುವಾಗುವ ಮೊದಲೇ ಅದರ ಪ್ರಜೆಗಳು ಯಾರು ಅಂತ ಗೊತ್ತಾಗಬೇಕಿತ್ತು, ಅಲ್ವಾ?

5ನೇ ವಿಧಿಯಲ್ಲಿ ‘ಡೊಮಿಸೈಲ್’, ಅಂದರೆ ಖಾಯಂ ನೆಲೆ, ಅನ್ನುವ ಮಾತಿದೆ. ನಮ್ಮ ಕಡೆಯ ಮಕ್ಕಳಿಗೆ ಗೊಂದಲ ಆಗುವುದು ಇಲ್ಲೇ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ನಮ್ಮ ಅಜ್ಜ ಅಜ್ಜಿಯರ ರಾಜ್ಯ ಬದಲಾಯಿತು, ಪೌರತ್ವಕ್ಕೆ ಏನೂ ಆಗಲಿಲ್ಲ. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಪೌರತ್ವ. ಡೊಮಿಸೈಲ್ ಕೂಡ ಒಂದೇ ಎಂದು 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಲೇಜ್ ಆಫೀಸಿನ ನೇಟಿವಿಟಿ ಸರ್ಟಿಫಿಕೇಟಾಗಲಿ, ಕರ್ನಾಟಕದ ಸೀಟಿಗೆ ಬೇಕಾಗುವ ಗಡಿನಾಡ ಕನ್ನಡಿಗರ ದಾಖಲೆಯಾಗಲಿ ಪೌರತ್ವದ ಕಾಗದವಲ್ಲ.

6ನೇ ವಿಧಿ ಪಾಕಿಸ್ತಾನದಿಂದ ಬಂದವರದು. 1948ರ ಜುಲೈ 19ಕ್ಕೆ ಮೊದಲು ಬಂದು ಇಲ್ಲೇ ನೆಲೆಸಿದವರಿಗೆ ನೋಂದಣಿ ಬೇಡ, ಆಮೇಲೆ ಬಂದವರಿಗೆ ಬೇಕು. ಅಲ್ಲಿಂದ ಬರಲು ಪರ್ಮಿಟ್ ಬೇಕು ಅನ್ನುವ ಪದ್ಧತಿ ಶುರುವಾದದ್ದು ಅಂದೇ.

7ನೇ ವಿಧಿಯನ್ನು ನಿಧಾನವಾಗಿ ಓದಿ. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು ಪೌರರಲ್ಲ, ಪುನರ್ವಸತಿ ಪರ್ಮಿಟ್ ಮೇಲೆ ವಾಪಸ್ ಬಂದವರನ್ನು ಬಿಟ್ಟು. ಇದರ ಬಿಸಿ ಪಂಜಾಬಿಗೆ ಮಾತ್ರ ತಟ್ಟಿದ್ದಲ್ಲ. ಗಲ್ಫಿನ ಕಾಲಕ್ಕೆ ಮೊದಲು ಮಲಬಾರಿನ ಜನ ಹೊಟ್ಟೆಪಾಡಿಗಾಗಿ ಕರಾಚಿಗೆ ಹೋಗುತ್ತಿದ್ದರು, ಚಾ ಅಂಗಡಿ, ಹೋಟೆಲು, ಬೀಡಿ ಅಂತ ದುಡಿಯುತ್ತಿದ್ದರು. ದೇಶ ಒಡೆಯಿತು. 1952ರ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಊರಿಗೆ ಬಂದು ಹೆಂಡತಿ ಮಕ್ಕಳನ್ನು ನೋಡಬೇಕೆಂದರೆ ಪಾಸ್‌ಪೋರ್ಟ್ ಬೇಕು, ಅಲ್ಲಿ ಸಿಗುವುದು ಪಾಕಿಸ್ತಾನದ್ದು. ಅದನ್ನು ಹಿಡಿದು ಹುಟ್ಟಿದೂರಿಗೆ ಬಂದವರು ಇಲ್ಲಿ ವಿದೇಶಿಯರಾದರು.

1956ರ ಪೌರತ್ವ ನಿಯಮಗಳಂತೆ ಬೇರೆ ದೇಶದ ಪಾಸ್‌ಪೋರ್ಟ್ ಪಡೆದರೆ ಆ ದೇಶದ ಪೌರತ್ವವನ್ನು ತಾನಾಗಿ ಪಡೆದದ್ದಕ್ಕೆ ಅದೇ ಖಚಿತ ಪುರಾವೆ. 1962ರ ಇಜ್ಹಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 1965ರ ಮಹಮ್ಮದ್ ಅಯೂಬ್ ಖಾನ್ ಪ್ರಕರಣದಲ್ಲಿ ಮಾತ್ರ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು: ಒತ್ತಾಯಕ್ಕೋ ಮೋಸಕ್ಕೋ ಸಿಕ್ಕಿ ಪಾಸ್‌ಪೋರ್ಟ್ ಪಡೆದೆ ಅಂದವನ ಮಾತನ್ನು ಕೇಂದ್ರ ಸರ್ಕಾರ ವಿಚಾರಿಸಬೇಕು. 1966ರ ಕುಳತ್ತಿಲ್ ಮಮ್ಮು ಪ್ರಕರಣ ನಮ್ಮ ಕೇರಳದ್ದೇ. ‘ವಲಸೆ’ ಆಗಲು ಅಲ್ಲೇ ಖಾಯಂ ನೆಲೆಸುವ ಮನಸ್ಸಿರಬೇಕೆಂದಿಲ್ಲ, ತಾನಾಗಿ ಹೋಗಿದ್ದು, ಅದು ಗೊತ್ತಾದ ಕೆಲಸಕ್ಕೆ ಸ್ವಲ್ಪ ದಿನದ ಮಟ್ಟಿಗೆ ಹೋದದ್ದಲ್ಲ ಅಂದರೆ ಸಾಕು ಎಂದಿತು ಕೋರ್ಟ್. ದುಡಿಯಲು ಹೋದವರ ಪಾಲಿಗೆ ಇದು ತುಂಬಾ ಕಠಿಣ ಅರ್ಥ ಅಂತ ನನಗೆ ಅನಿಸುತ್ತದೆ.

ಇನ್ನು 1955ರ ಪೌರತ್ವ ಕಾಯ್ದೆ. ಹುಟ್ಟು, ವಂಶ, ನೋಂದಣಿ, ದೇಶೀಕರಣ (ಇಲ್ಲಿ ಬಹುಕಾಲ ನೆಲೆಸಿದ ವಿದೇಶಿಯರು ಅರ್ಜಿ ಹಾಕಿ ಪಡೆಯುವುದು), ಹೊಸ ಪ್ರದೇಶ ಭಾರತಕ್ಕೆ ಸೇರುವುದು, ಹೀಗೆ ಐದು ದಾರಿ. ಕೊನೆಯದಕ್ಕೆ ಉದಾಹರಣೆ ದೂರ ಹುಡುಕಬೇಡಿ, ರೈಲಿನಲ್ಲಿ ಕೋಝಿಕ್ಕೋಡಿಗೆ ಹೋಗುವಾಗ ಸಿಗುವ ಮಾಹೆ ಇದೆ. ಫ್ರೆಂಚರ ಕೈಯಲ್ಲಿದ್ದ ಈ ಊರಿನವರ ಪೌರತ್ವ 1962ರ ಪುದುಚೇರಿ ಆದೇಶದಡಿ ಬರುತ್ತದೆ. ಗೋವಾಕ್ಕೂ ಅದೇ ವರ್ಷ ಆದೇಶ ಬಂತು.

ಹುಟ್ಟಿನ ದಾರಿ ಬರುಬರುತ್ತಾ ಕಿರಿದಾಯಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದರೆ ಸಾಕಿತ್ತು. ಆಮೇಲೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದೇ ಕಾಯ್ದೆಯ 6ಎ ಸೆಕ್ಷನ್ ಬಾಂಗ್ಲಾದೇಶದಿಂದ ಅಸ್ಸಾಮಿಗೆ ಬಂದವರದು, ಅದಕ್ಕೆ 1971ರ ಮಾರ್ಚ್ 25 ನೆನಪಿಟ್ಟುಕೊಳ್ಳಿ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 4–1ರಲ್ಲಿ ಅದನ್ನು ಎತ್ತಿಹಿಡಿದಿದೆ. 2019ರ ಪೌರತ್ವ ತಿದ್ದುಪಡಿಗೆ (ಸಿಎಎ) ಬೇಕಾದ ತಾರೀಕು 2014ರ ಡಿಸೆಂಬರ್ 31, ಅಷ್ಟರೊಳಗೆ ಭಾರತಕ್ಕೆ ಬಂದಿರಬೇಕು: ಮೂರು ದೇಶ (ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ), ಆರು ಧರ್ಮ (ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತ), ಮುಸ್ಲಿಮರು ಆ ಪಟ್ಟಿಯಲ್ಲಿಲ್ಲ. ನಿಯಮಗಳು ಬಂದದ್ದು 2024ರ ಮಾರ್ಚ್ 11ಕ್ಕೆ.

ಈಗ ಒಂದು ಲೆಕ್ಕ. ಉಪ್ಪಳದ ಹೆಣ್ಣುಮಗಳೊಬ್ಬಳು ದುಬೈಯಲ್ಲಿ ವಿದೇಶಿಯನನ್ನು ಮದುವೆಯಾದಳು ಅನ್ನೋಣ. ಅವಳು ಭಾರತೀಯಳೇ. ಮಗು ಅಲ್ಲೇ 1990ರಲ್ಲಿ ಹುಟ್ಟಿದರೆ? ವಂಶದ ದಾರಿಯಲ್ಲಿ ಪೌರತ್ವ ಇಲ್ಲ, 1992ರ ಡಿಸೆಂಬರ್ 10ರ ಮೊದಲು ತಂದೆಯನ್ನು ಮಾತ್ರ ನೋಡುತ್ತಿದ್ದರು. 1993ರಲ್ಲಿ ಹುಟ್ಟಿದರೆ? ತಾಯಿಯಿಂದ ಬರುತ್ತದೆ. 2010ರಲ್ಲಿ ಹುಟ್ಟಿದರೆ? ಆಗಲೂ ತಾಯಿಯಿಂದ ಬರುತ್ತದೆ, ಆದರೆ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ನೋಂದಣಿ ಮಾಡಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಗಲ್ಫಿನಲ್ಲಿರುವ ನಿಮ್ಮ ಅಕ್ಕ ಭಾವಂದಿರಿಗೂ ಇದನ್ನು ಹೇಳಿಬಿಡಿ.