ಸಂಘರ್ಷ ಪರಿಹಾರ: ಸ್ವ-ಅರಿವಿನಿಂದ ಆರಂಭಿಸಿ ಒಂದು ಅಧ್ಯಯನ ಟಿಪ್ಪಣಿ

ಸಂಘರ್ಷ ಪರಿಹಾರವನ್ನು ಕುರಿತು ಓದುವಾಗ ಪರಾನುಭೂತಿ, ಒಳಗೊಳ್ಳುವಿಕೆ, ಸ್ವ-ಅರಿವು ಎಂಬ ಮೂರು ಪದಗಳು ಜೊತೆಜೊತೆಗೆ ಬರುತ್ತವೆ. ಇವುಗಳಲ್ಲಿ ಸ್ವ-ಅರಿವನ್ನು ಮೊದಲು ಕಲಿಯಬೇಕೆಂಬುದು ನನಗೆ ನಿಧಾನವಾಗಿ ಮನವರಿಕೆಯಾಯಿತು. ತನ್ನನ್ನು ಕಾಡುತ್ತಿರುವುದು ಏನೆಂದು ತಿಳಿಯದವರು ಇನ್ನೊಬ್ಬರ ನೋವನ್ನು ಕೇಳಲು ಕುಳಿತರೂ ಮನಸ್ಸಿನಲ್ಲಿ ತಮ್ಮ ಮುಂದಿನ ಉತ್ತರವನ್ನೇ ಜೋಡಿಸಿಕೊಳ್ಳುತ್ತಿರುತ್ತಾರೆ.

ಒಂದು ಸನ್ನಿವೇಶವನ್ನು ಎದುರಿಗಿಟ್ಟುಕೊಳ್ಳೋಣ. ಕಾಯಿಲೆ ಬಿದ್ದ ತಾಯಿಯನ್ನು ಅಕ್ಕ-ತಂಗಿ ಇಬ್ಬರು ನೋಡಿಕೊಳ್ಳುತ್ತಿದ್ದಾರೆ. ಒಂದು ಸಂಜೆ ಅಕ್ಕ, “ನಿನಗೆ ಅಮ್ಮನ ಚಿಂತೆಯೇ ಇಲ್ಲ” ಎನ್ನುತ್ತಾಳೆ. “ಎಲ್ಲವನ್ನೂ ನೀನೇ ತೀರ್ಮಾನಿಸಿದ ಮೇಲೆ ನನಗೇನು ಕೆಲಸ, ಅಕ್ಕಾ?” ಎಂದು ತಂಗಿ ಎದ್ದು ಹೋಗುತ್ತಾಳೆ.

ಅಮೆರಿಕದ ಮನೋವಿಜ್ಞಾನಿ ಮಾರ್ಷಲ್ ರೋಸೆನ್‌ಬರ್ಗ್ ರೂಪಿಸಿದ ಅಹಿಂಸಾತ್ಮಕ ಸಂವಹನದಲ್ಲಿ ಮಾತನ್ನು ನಾಲ್ಕು ಭಾಗವಾಗಿ ಬಿಡಿಸುತ್ತಾರೆ: ಕಂಡದ್ದು, ಅನಿಸಿದ್ದು, ಅದರ ಹಿಂದಿನ ಅಗತ್ಯ, ಕೊನೆಗೆ ಕೋರಿಕೆ. ಅಕ್ಕ ಹೇಳಿದ್ದು ಕಂಡದ್ದಲ್ಲ, ತೀರ್ಪು. ಕಂಡದ್ದನ್ನಷ್ಟೇ ಹೇಳಿದರೆ ಅದು “ಈ ತಿಂಗಳು ಮೂರು ಸಲವೂ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಾನೊಬ್ಬಳೇ” ಎಂದಾಗುತ್ತದೆ. ಎರಡನೆಯ ಹಂತದಲ್ಲಿ ನಾವು ಹೆಚ್ಚಾಗಿ ಎಡವುತ್ತೇವೆ. “ನೀನು ನನ್ನನ್ನು ಕಡೆಗಣಿಸಿದೆ ಎನಿಸುತ್ತಿದೆ” ಎಂಬ ವಾಕ್ಯ ಭಾವನೆಯ ವೇಷ ತೊಟ್ಟ ಆರೋಪವಷ್ಟೇ. “ದಣಿದಿದ್ದೇನೆ, ಒಬ್ಬಳೇ ಇರುವಾಗ ಅಮ್ಮನಿಗೆ ಏನಾದರೂ ಆದರೆ ಎಂದು ಭಯವಾಗುತ್ತದೆ” ಎಂಬುದು ಭಾವನೆ. ಈ ವ್ಯತ್ಯಾಸ ಬಾಯಿಗೆ ಬರುವ ಮುನ್ನ ಮನಸ್ಸಿಗೆ ಬರಬೇಕಾಗುತ್ತದೆ, ಮತ್ತು ಅದಕ್ಕೆ ಒಂಟಿಯಾಗಿ ಕುಳಿತು ತನ್ನನ್ನೇ ಕೇಳಿಕೊಳ್ಳುವ ಹೊತ್ತು ಬೇಕು. ಹಾಗೆ ಕೇಳಿಕೊಂಡ ಅಕ್ಕನಿಗೆ, ತಂಗಿಯನ್ನು ತಾನು ಒಮ್ಮೆಯೂ ಬಾಯಿಬಿಟ್ಟು ಕರೆದಿರಲಿಲ್ಲ ಎಂಬುದೂ, ಎಲ್ಲವನ್ನೂ ತಾನೇ ಹೊತ್ತಿದ್ದೇನೆ ಎಂಬ ಹೆಮ್ಮೆ ಅದರ ಹಿಂದೆ ಇತ್ತು ಎಂಬುದೂ ಹೊಳೆಯಬಹುದು. ಇದು ಹಿತವಾದ ಅರಿವಲ್ಲ, ಆದರೂ ಮುಂದಿನ ಮಾತುಕತೆಗೆ ದಾರಿ ತೆರೆಯುವುದು ಇದೇ.

ಇಲ್ಲಿ ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ನಮ್ಮ ತಪ್ಪಿಗೆ ಪರಿಸ್ಥಿತಿಯನ್ನೂ ಇತರರ ತಪ್ಪಿಗೆ ಅವರ ಸ್ವಭಾವವನ್ನೂ ಕಾರಣವಾಗಿ ಕಾಣುವ ಒಲವು ನಮ್ಮಲ್ಲಿ ಬಲವಾಗಿದೆ. ಇತರರ ನಡೆಗೆ ಅವರ ಸ್ವಭಾವವನ್ನೇ ಅತಿಯಾಗಿ ಕಾರಣವಾಗಿಸುವ ಈ ದೋಷಕ್ಕೆ 1977ರಲ್ಲಿ ಮನೋವಿಜ್ಞಾನಿ ಲೀ ರಾಸ್ ‘ಮೂಲಭೂತ ಕಾರಣಾರೋಪಣ ದೋಷ’ ಎಂಬ ಅರ್ಥದ ಹೆಸರು ಕೊಟ್ಟರು.

ಪರಾನುಭೂತಿ ಮರುಕವಲ್ಲ, ಒಪ್ಪಿಗೆಯೂ ಅಲ್ಲ; ಇನ್ನೊಬ್ಬರ ಲೋಕವನ್ನು ಅವರ ಕಣ್ಣಿನಿಂದ ನೋಡಲು ಯತ್ನಿಸುವುದು. ಇದಕ್ಕೆ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1951ರ ಭಾಷಣವೊಂದರಲ್ಲಿ ಸೂಚಿಸಿದ ಅಭ್ಯಾಸ ನನಗೆ ಬಹಳ ಉಪಯುಕ್ತವೆನಿಸಿದೆ. ವಾದ ಬಿಸಿಯೇರಿದಾಗ, ಎದುರಿನವರು ಹೇಳಿದ ವಿಚಾರವನ್ನೂ ಭಾವನೆಯನ್ನೂ ಅವರಿಗೆ ತೃಪ್ತಿಯಾಗುವಂತೆ ಮರಳಿ ಹೇಳಿದ ಬಳಿಕವೇ ನಮ್ಮ ಮಾತನ್ನು ಆಡಬೇಕು. “ನಿನ್ನನ್ನು ಕೇಳದೆ ವೈದ್ಯರನ್ನು ಬದಲಿಸಿದ್ದರಿಂದ ನಿನಗೆ ಹೊರಗಿನವಳಂತೆ ಅನಿಸಿತು, ಅಲ್ಲವೇ?” ಎಂದು ಅಕ್ಕ ಕೇಳಿ, ತಂಗಿ “ಹೌದು” ಎನ್ನುವವರೆಗೂ ಕಾಯಬೇಕು. “ಅಷ್ಟೇ ಅಲ್ಲ” ಎಂದು ತಂಗಿ ಹೇಳಿದರೆ ಮತ್ತೆ ಕೇಳಿಸಿಕೊಳ್ಳಬೇಕು. ನಿಯಮ ಸರಳವಾಗಿ ಕಂಡರೂ ಪಾಲಿಸುವುದು ಕಷ್ಟ. ಸಿಟ್ಟಿನಲ್ಲಿ ಎದುರಿನವರ ಮಾತು ನಮಗೆ ಅರ್ಧ ಮಾತ್ರ ಕೇಳಿಸಿತ್ತೆಂಬುದು ಮರಳಿ ಹೇಳಲು ಹೊರಟಾಗಲೇ ಗೊತ್ತಾಗುತ್ತದೆ.

ಒಳಗೊಳ್ಳುವಿಕೆ ಎಂದರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದಲ್ಲ ಎಂಬುದಕ್ಕೆ 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಸಾಮಾಜಿಕ ಮನೋವಿಜ್ಞಾನಿ ಮುಜಾಫರ್ ಶೆರೀಫ್ ಮತ್ತು ಸಂಗಡಿಗರು ನಡೆಸಿದ ಶಿಬಿರ ಪ್ರಯೋಗ ಸಾಕ್ಷಿ. 22 ಹುಡುಗರನ್ನು ಎರಡು ಗುಂಪು ಮಾಡಿ ಸ್ಪರ್ಧೆಗೆ ಇಳಿಸಿದಾಗ ದ್ವೇಷ ಬೆಳೆಯಿತು. ಬಳಿಕ ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಪರಸ್ಪರ ಎರಚಾಡಿಕೊಂಡರು. ಶಿಬಿರಕ್ಕೆ ನೀರು ಬರುವುದು ನಿಂತಾಗ ಎಲ್ಲರೂ ಸೇರಿ ಕಾರಣ ಹುಡುಕಬೇಕಾಯಿತು. ಕೆಟ್ಟು ನಿಂತ ಟ್ರಕ್ಕನ್ನು ಹಗ್ಗ ಕಟ್ಟಿ ಒಟ್ಟಾಗಿ ಎಳೆಯಬೇಕಾಯಿತು. ಇಂಥ ಕೆಲಸಗಳು ಒಂದರ ಹಿಂದೊಂದು ಬಂದಾಗ ಹಗೆ ಇಳಿಯಿತು. ಆ ಮಕ್ಕಳಿಗೆ ತಾವು ಪ್ರಯೋಗಕ್ಕೆ ಒಳಗಾಗಿದ್ದೇವೆಂದು ತಿಳಿದಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಳವಳಗೊಳಿಸುತ್ತದೆ. ಆದರೂ ಅದರ ಪಾಠವನ್ನು ಕೈಬಿಡುವಂತಿಲ್ಲ. ಅದೇ ವರ್ಷ ಮನೋವಿಜ್ಞಾನಿ ಗಾರ್ಡನ್ ಆಲ್ಪೋರ್ಟ್, ಸಂಪರ್ಕದಿಂದ ಪೂರ್ವಗ್ರಹ ಕಡಿಮೆಯಾಗಲು ಸಮಾನ ಸ್ಥಾನ, ಸಮಾನ ಗುರಿ, ಸಹಕಾರ ಮತ್ತು ಅಧಿಕಾರದಲ್ಲಿರುವವರ ಬೆಂಬಲ ಬೇಕೆಂದು ವಾದಿಸಿದರು. ತಂಗಿಗೆ ಆಸ್ಪತ್ರೆಯ ಒಂದು ಸರದಿಯನ್ನು ಒಪ್ಪಿಸಿದರೆ ಸಾಲದು, ಚಿಕಿತ್ಸೆಯ ತೀರ್ಮಾನದಲ್ಲೂ ಅವಳ ಮಾತಿಗೆ ತೂಕ ಇರಬೇಕು.

ರಾಜಿಯೂ ಗಾಯ ಮಾಯುವುದೂ ಒಂದೇ ಅಲ್ಲ. ವರ್ಣಭೇದ ನೀತಿ ಕೊನೆಗೊಂಡ ಬಳಿಕ ದಕ್ಷಿಣ ಆಫ್ರಿಕಾದಲ್ಲಿ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಮನ್ವಯ ಆಯೋಗ 1996ರಿಂದ ಬಹಿರಂಗ ವಿಚಾರಣೆ ನಡೆಸಿ, ಹಿಂಸೆಗೆ ಒಳಗಾದ ಸುಮಾರು 21,000 ಜನರ ಹೇಳಿಕೆಗಳನ್ನು ದಾಖಲಿಸಿತು. ರಾಜಕೀಯ ಉದ್ದೇಶದ ಅಪರಾಧಗಳನ್ನು ಪೂರ್ಣವಾಗಿ ಬಯಲುಮಾಡಿದವರು ಕ್ಷಮಾದಾನ ಕೋರಬಹುದಿತ್ತು. ತಮ್ಮ ಕಥೆಯನ್ನು ಜನರ ಮುಂದೆ ಹೇಳಿದ್ದರಿಂದ ಕೆಲವರಿಗೆ ಸಮಾಧಾನ ದೊರೆಯಿತು. ಆದರೆ ಕೆಲವು ಅಪರಾಧಿಗಳಿಗೆ ಕ್ಷಮೆ ಸಿಕ್ಕರೂ ನೊಂದವರಿಗೆ ಪರಿಹಾರಧನ ತಡವಾಯಿತು, ಅದೂ ಆಯೋಗ ಶಿಫಾರಸು ಮಾಡಿದ್ದಕ್ಕಿಂತ ಕಡಿಮೆಯಿತ್ತು. ಕೇಳಿಸಿಕೊಳ್ಳುವುದರ ಜೊತೆಗೆ ಹಾನಿಯನ್ನು ತುಂಬಿಕೊಡುವ ಕೆಲಸವೂ ಆಗಬೇಕೆಂದು ಟೀಕಾಕಾರರು ಹೇಳಿದ್ದು ಇದೇ ಕಾರಣಕ್ಕೆ.

ಈ ಕ್ರಮಗಳನ್ನು ಎಲ್ಲ ಕಡೆಯೂ ಹೇರಬಾರದು. ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುತ್ತಿರುವಲ್ಲಿ ಮೊದಲು ಬೇಕಾದದ್ದು ಸುರಕ್ಷತೆ. ಅಂಥ ಕಡೆ ನೊಂದವರನ್ನು ಮುಖಾಮುಖಿ ಕೂರಿಸಿ ಪರಾನುಭೂತಿ ತೋರಿಸುವಂತೆ ಕೇಳಿದರೆ ಅವರ ಮೇಲೆ ಇನ್ನೊಂದು ಹೊರೆ ಹೇರಿದಂತಾಗುತ್ತದೆ. ಪುನಶ್ಚೇತನ ನ್ಯಾಯದ, ಅಂದರೆ ಹಾನಿ ಮಾಡಿದವರೂ ನೊಂದವರೂ ಸೇರಿ ಹಾನಿಯನ್ನು ಸರಿಪಡಿಸುವ ದಾರಿ ಹುಡುಕುವ ಕ್ರಮದ, ಮಾತುಕತೆಗಳಲ್ಲಿ ನೊಂದವರ ಭಾಗವಹಿಸುವಿಕೆ ಅವರ ಇಚ್ಛೆಗೆ ಬಿಟ್ಟದ್ದು. ನಡುವೆ ಎದ್ದು ಹೋಗುವ ಸ್ವಾತಂತ್ರ್ಯವೂ ಅವರಿಗಿರಬೇಕು, ಮತ್ತು ಅದನ್ನು ಮಧ್ಯಸ್ಥರು ಆರಂಭದಲ್ಲೇ ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು.