ದೇವರಿಗೆ ಫಲಿತಾಂಶ ಗೊತ್ತಿದ್ದರೆ ನಾನೇಕೆ ಓದಬೇಕು?

ಪ್ರಶ್ನೆ: ನಾನು ಪಾಸಾಗುತ್ತೇನೋ ಇಲ್ಲವೋ ಎಂಬುದು ದೇವರಿಗೆ ಈಗಲೇ ಗೊತ್ತಿದೆ. ಅಂದಮೇಲೆ ಓದಿ ಏನು ಪ್ರಯೋಜನ?
– ದ್ವಿತೀಯ ಪಿಯು ವಿದ್ಯಾರ್ಥಿ, ಜಮಖಂಡಿ

ಉತ್ತರ: ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಹಿಂದೆ ವಿಜಯಪುರದಿಂದ ಬಂದಿತ್ತು, ಗೋಕಾಕದಿಂದ ಬಂದಿತ್ತು, ಈ ಸಲ ಜಮಖಂಡಿಯ ಸರದಿ. ಓದು ತಪ್ಪಿಸಿಕೊಳ್ಳಲು ಇಷ್ಟು ದೂರ ಯೋಚಿಸುವವರಿಗೆ ತರ್ಕಶಾಸ್ತ್ರದಲ್ಲಾದರೂ ಒಳ್ಳೆಯ ಅಂಕ ಬರಬೇಕು.

ಎಷ್ಟು ಸಲ ಹೇಳಿದರೂ ಸಾಯದ ತಪ್ಪು ಕಲ್ಪನೆಯೆಂದರೆ, ದೇವರಿಗೆ ಗೊತ್ತಿರುವುದರಿಂದಲೇ ಅದು ನಡೆಯುತ್ತದೆ ಎನ್ನುವುದು. ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ. ಪಂಚಾಂಗದಲ್ಲಿ ಅಚ್ಚಾಗಿದೆ ಎಂಬ ಕಾರಣಕ್ಕೆ ಚಂದ್ರನಿಗೆ ಗ್ರಹಣ ಹಿಡಿಯುವುದಿಲ್ಲ. ಗ್ರಹಣ ಹಿಡಿಯಲಿರುವುದರಿಂದ ಪಂಚಾಂಗದಲ್ಲಿ ಅಚ್ಚಾಗಿದೆ. ನೀವು ಓದಿದರೆ ಓದಿದ್ದು ದೇವರ ಅರಿವಿನಲ್ಲಿರುತ್ತದೆ, ಓದದಿದ್ದರೆ ಓದದಿದ್ದದ್ದು. ಅರಿವು ನಿಮ್ಮ ಹಿಂದೆ ಬರುತ್ತದೆ, ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ.

'ಹಣೆಯಲ್ಲಿ ಪಾಸು ಎಂದು ಬರೆದಿದ್ದರೆ ಓದದಿದ್ದರೂ ಪಾಸು' ಎಂಬುದನ್ನು ಪ್ರಾಚೀನ ಗ್ರೀಕರು ಸೋಮಾರಿ ವಾದವೆಂದೇ ಕರೆದರು. ಅವರ ಉದಾಹರಣೆ ರೋಗಿಯದು: ಗುಣವಾಗುವುದು ವಿಧಿಯಾಗಿದ್ದರೆ ವೈದ್ಯನೇಕೆ? ಕ್ರಿಸಿಪಸ್ ಎಂಬ ಸ್ಟೋಯಿಕ್ ಚಿಂತಕ ಕೊಟ್ಟ ಉತ್ತರ ಇದು: ವೈದ್ಯನನ್ನು ಕರೆಸುವುದೂ ಅದೇ ವಿಧಿಯ ಭಾಗ. ಬರಿಯ 'ಪಾಸು' ಎಂಬುದು ಯಾರ ಹಣೆಯಲ್ಲೂ ಇರುವುದಿಲ್ಲ. 'ಓದಿ ಪಾಸು' ಎಂದಿರುತ್ತದೆ. ಇದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ನಿಜವಾದ ಗಂಟು ಬೇರೆ ಕಡೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. 1965ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ನೆಲ್ಸನ್ ಪೈಕ್ ಅದನ್ನು ಬಿಗಿಯಾಗಿ ಕಟ್ಟಿ ಮುಂದಿಟ್ಟರು. ದೇವರು ನಿನ್ನೆಯೇ ತಿಳಿದಿದ್ದನೆಂದರೆ, ಆ ತಿಳಿವಳಿಕೆ ಈಗ ಕಳೆದುಹೋದ ಸಂಗತಿ. ಕಳೆದದ್ದನ್ನು ಬದಲಿಸಲು ನನ್ನಿಂದಾಗದು. ದೇವರು ತಪ್ಪುವವನೂ ಅಲ್ಲ. ಹಾಗಾದರೆ ನಾಳೆ ಬೇರೆ ರೀತಿ ನಡೆದುಕೊಳ್ಳಲು ನನಗೆ ಜಾಗವೆಲ್ಲಿದೆ? ಆರನೆಯ ಶತಮಾನದಲ್ಲಿ, ಮರಣದಂಡನೆಯ ನೆರಳಿನಲ್ಲಿ ಸೆರೆಮನೆಯಲ್ಲಿದ್ದ ರೋಮನ್ ಚಿಂತಕ ಬೋಯ್ಥಿಯಸ್ ಇಂಥ ಗಂಟಿಗೆ ಒಂದು ದಾರಿ ತೋರಿಸಿದ್ದ: ದೇವರಿಗೆ 'ನಿನ್ನೆ' ಎಂಬುದೇ ಇಲ್ಲ, ಎಲ್ಲ ಕಾಲವೂ ಅವನೆದುರು ಒಮ್ಮೆಗೇ ಇದೆ. ಈಶ್ವರನಿಗೆ ಕಾಲದ ಮಿತಿಯಿಲ್ಲ ಎಂದು ಪತಂಜಲಿಯ ಯೋಗಸೂತ್ರವೂ ಹೇಳುತ್ತದೆ. ಆದರೆ ಕಾಲದ ಹೊರಗಿರುವವನಿಗೆ ಈಗ ಗಂಟೆ ಎಷ್ಟೆಂದು ತಿಳಿಯುವುದು ಹೇಗೆ ಎಂದು ಕೇಳಿದರೆ ಇನ್ನೊಂದು ಪುಟ ಬೇಕು.

ಅದಕ್ಕಿಂತ ನಿಮಗೆ ಹತ್ತಿರದ್ದು ಹರಕೆಯ ವಿಷಯ. ಉತ್ತರಪತ್ರಿಕೆ ಕೊಟ್ಟು ಬಂದ ಮೇಲೆ ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತರೆ ಫಲವುಂಟೇ? ಊರೊಳಗಿಂದ ಕೂಗು ಕೇಳಿದ ದಾರಿಹೋಕ 'ಅದು ನಮ್ಮ ಮನೆಯದಾಗದಿರಲಿ' ಎಂದರೆ ಅದು ವ್ಯರ್ಥ ಪ್ರಾರ್ಥನೆ, ಆಗುವುದು ಆಗಲೇ ಆಗಿಹೋಗಿದೆ ಎನ್ನುತ್ತದೆ ಯೆಹೂದಿಗಳ ಪ್ರಾಚೀನ ಧರ್ಮಗ್ರಂಥ ಮಿಶ್ನಾ. 1964ರಲ್ಲಿ ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಮೈಕೆಲ್ ಡಮೆಟ್ ಇದನ್ನು ಒಪ್ಪಲಿಲ್ಲ. ನೀವು ಮುಂದೆ ಬೇಡಿಕೊಳ್ಳುತ್ತೀರೆಂದು ದೇವರಿಗೆ ಆಗಲೇ ತಿಳಿದಿದ್ದರೆ, ಅವನು ಆಗಲೇ ನೆರವಾಗಿರಬಹುದಲ್ಲ ಎಂಬುದು ಅವರ ವಾದ. ನನಗೂ ಇದು ಸರಿಯೆನಿಸುತ್ತದೆ. ಫಲಿತಾಂಶ ಮೊಬೈಲಿಗೆ ಬಂದ ಮೇಲೆ ಮಾತ್ರ ಹರಕೆ ಬೇಡ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ.